ಕೃತ್ರಿಮ ಹಸ್ತಗಳ ವಿಷಯವಾಗಿ ಕೆಲವು ವಿಚಾರಗಳು

“ಕೈ ಕೆಸರಾದರೆ ಬಾಯಿ ಮೊಸರು” ಎಂಬ ಗಾದೆಯು ನಮ್ಮ ಸೀಮೆಯ ಮಕ್ಕಳಿಗೆ ಓದು ಬರಹಕ್ಕಿಂತ ಮೊದಲೇ ತಿಳಿದಿರುವದು. ಗಂಗಾವತಿಯ ಕಡೆ ಭತ್ತದ ನಾಟಿ ಹಚ್ಚುವ ಕೈಗಳೂ, ಕುಷ್ಟಗಿ ಯಲಬುರ್ಗಾಗಳ ಬೆದ್ದಲು ಹೊಲಗಳಲ್ಲಿ ಜೋಳ ಸಜ್ಜೆಗಳ ತೆನೆ ಮುರಿಯುವ ಕೈಗಳೂ, ಕಿನ್ನಾಳದಲ್ಲಿ ಕಟ್ಟಿಗೆಯ ಗೊಂಬೆಗೆ ಬಣ್ಣ ಹಚ್ಚುವ ಕೈಗಳೂ ಈ ಕೊಪ್ಪಳ ಜಿಲ್ಲೆಯನ್ನು ಸಾಕುತ್ತಲಿವೆ. ಇಂಥ ನಾಡಿನಲ್ಲಿ ಒಬ್ಬರು ಕೈ ಕಳಕೊಂಡರೆ, ಅವಯವದ ಸಂಗಡ ಮನೆಯಲ್ಲಿ ತಮಗಿದ್ದ ಸ್ಥಾನವೂ ಹೋಯಿತೆಂದು ಎಣಿಸುವರು. ಆದುದರಿಂದ ಹೋದ ಕೈಗೆ ಬದಲಾಗಿ ಯಾವ ಕೈಯನ್ನು ತರಬೇಕೆಂಬ ಪ್ರಶ್ನೆಯು ಶ್ರೀಮಂತರ ವಿನೋದದ ಪ್ರಶ್ನೆಯಲ್ಲ. ನಮ್ಮಂಥವರು ಕೂತು ಸಾವಕಾಶವಾಗಿ ವಿಚಾರಿಸತಕ್ಕ ಪ್ರಶ್ನೆಯಾಗಿರುವದು.

ನಾವು ವೈದ್ಯರಲ್ಲ, ಯಂತ್ರಶಾಸ್ತ್ರವನ್ನು ಬಲ್ಲವರೂ ಅಲ್ಲ. ಇಪ್ಪತ್ತು ವರ್ಷಗಳಿಗೆ ಮೇಲ್ಪಟ್ಟು ಹೆಣ್ಣುಮಕ್ಕಳಿಗೆ ಪಾಠ ಹೇಳುತ್ತ ಬಂದವರು. ಈ ವಿಷಯವು ನಮ್ಮ ಬಾಗಿಲಿಗೆ ಬಂದ ಬಗೆ ಹೇಗೆಂದರೆ, ಮೂರು ವರ್ಷಗಳ ಹಿಂದೆ ಕುಷ್ಟಗಿ ತಾಲೂಕಿನ ಹಳ್ಳಿಯೊಂದರಿಂದ ಒಬ್ಬ ಹುಡುಗಿಯು ನಮ್ಮ ಒಂಬತ್ತನೆಯ ತರಗತಿಗೆ ಸೇರಿದಳು. ಮೇವು ಕತ್ತರಿಸುವ ಯಂತ್ರದಲ್ಲಿ ಸಿಕ್ಕು ಅವಳ ಬಲಗೈಯು ಮೊಣಕೈಯ ಕೆಳಗೆ ಅರ್ಧದಿಂದ ಹೋಗಿತ್ತು. ಆರು ತಿಂಗಳೊಳಗಾಗಿ ಅವಳು ಎಡಗೈಯಿಂದ ಬರೆಯಲು ಕಲಿತಳು. ಅವಳ ತಂದೆಯು ಯಾರದೋ ಮೊಬೈಲಿನಲ್ಲಿ ಐದೂ ಬೆರಳುಗಳನ್ನು ಬೇರೆ ಬೇರೆಯಾಗಿ ಆಡಿಸುವ ಒಂದು ಯಂತ್ರದ ಕೈಯ ಚಿತ್ರವನ್ನು ನೋಡಿ, ಜೋಡೆತ್ತುಗಳನ್ನೂ ಎರಡು ಎಕರೆ ಹೊಲವನ್ನೂ ಮಾರಿಯಾದರೂ ಅದನ್ನು ಮಗಳಿಗೆ ಕೊಡಿಸಬೇಕೆಂದು ನಿಶ್ಚಯಿಸಿ, ನಮ್ಮ ಅಭಿಪ್ರಾಯವನ್ನು ಕೇಳಲು ಬಂದನು. ಎತ್ತು ಹೊಲಗಳು ಹೋದ ಮೇಲೆ ಆ ಕೈಯು ಪೆಟ್ಟಿಗೆಯಲ್ಲಿ ಉಳಿದರೆ ಆ ಮನೆಯ ಗತಿಯೇನು? ಒಂದು ವರ್ಷ ತಡೆಯಬೇಕೆಂದು ನಾವು ಅವನನ್ನು ಬೇಡಿಕೊಂಡೆವು. ಆ ವರ್ಷದಲ್ಲಿ ಹುಬ್ಬಳ್ಳಿಗೂ ಬೆಂಗಳೂರಿಗೂ ಹೋಗಿ, ಕೈ ಮಾಡುವವರನ್ನೂ ಧರಿಸುವವರನ್ನೂ ಕಂಡು, ಓದತಕ್ಕದ್ದನ್ನು ಓದಿ, ತಿಳಿದ ಸಂಗತಿಗಳನ್ನು ಇಲ್ಲಿ ಬರೆಯುತ್ತೇವೆ.

ಕೃತ್ರಿಮ ಹಸ್ತಗಳನ್ನು ಸ್ಥೂಲವಾಗಿ ಮೂರು ವರ್ಗಗಳಾಗಿ ವಿಭಾಗಿಸಬಹುದು. ಮೊದಲನೆಯದು ನೋಟದ ಕೈ. ಇದಕ್ಕೆ ಚಲನವಿಲ್ಲ, ಆದರೂ ಕಾಗದವನ್ನು ಒತ್ತಿ ಹಿಡಿಯಲು, ಚೀಲವನ್ನು ತೂಗುಹಾಕಿಕೊಳ್ಳಲು ಒದಗುವದು. ಎರಡನೆಯದು ಶರೀರಬಲದಿಂದ ನಡೆಯುವ ಕೈ. ಹೆಗಲಿಗೆ ಪಟ್ಟಿಯನ್ನು ಬಿಗಿದು, ಅಲ್ಲಿಂದ ಉಕ್ಕಿನ ತಂತಿಯನ್ನು ತುದಿಯ ಕೊಕ್ಕೆಗೆ ಜೋಡಿಸಿರುತ್ತಾರೆ. ಭುಜವನ್ನು ಮುಂದಕ್ಕೆ ಚಾಚಿದರೆ ಕೊಕ್ಕೆಯು ತೆರೆಯುವದು, ಸಡಿಲಿಸಿದರೆ ರಬ್ಬರಿನ ಬಿಗಿತದಿಂದ ಮುಚ್ಚುವದು. ಅಮೇರಿಕೆಯ ಡೋರನ್ಸ್ ಎಂಬವನು ೧೯೧೨ರಲ್ಲಿ ಇಂಥ ಸೀಳು ಕೊಕ್ಕೆಗೆ ಹಕ್ಕುಪತ್ರವನ್ನು ಪಡೆದನು. ನೂರು ವರ್ಷಗಳು ಕಳೆದರೂ ಅದರ ವಂಶವು ಅಳಿದಿಲ್ಲ. ಮೂರನೆಯದು ಹೊರಗಿನ ಶಕ್ತಿಯಿಂದ, ಅಂದರೆ ಬ್ಯಾಟರಿ ಮತ್ತು ಮೋಟಾರುಗಳಿಂದ ನಡೆಯುವ ಕೈ. ಆ ತಂದೆಯು ನೋಡಿದ ಚಿತ್ರವು ಈ ಮೂರನೆಯ ವರ್ಗಕ್ಕೆ ಸೇರಿದ್ದು. ಇದರಲ್ಲಿಯೂ ಒಳಭೇದಗಳು ಹಲವು ಇರುವದರಿಂದ ಸ್ವಲ್ಪ ವಿವರಿಸಬೇಕಾಗಿದೆ.

ಮುಂಗೈ ಹೋದ ಮೇಲೆಯೂ ಅದನ್ನು ಮಡಿಸುತ್ತಿದ್ದ ಮತ್ತು ಚಾಚುತ್ತಿದ್ದ ಸ್ನಾಯುಗಳು ಉಳಿದ ತೋಳಿನಲ್ಲಿ ಇದ್ದೇ ಇರುವವು. ಇಲ್ಲದ ಹಸ್ತವನ್ನು ಮನಸ್ಸಿನಲ್ಲಿ ಮುಚ್ಚಿದರೆ ಒಂದು ಗುಂಪು ಬಿಗಿಯುವದು, ತೆರೆದರೆ ಇನ್ನೊಂದು ಬಿಗಿಯುವದು. ಸ್ನಾಯು ಬಿಗಿದಾಗ ಚರ್ಮದ ಮೇಲೆ ಅತ್ಯಲ್ಪವಾದ ವಿದ್ಯುತ್ತು ಸುಳಿಯುತ್ತದೆ. ಅದು ಬಹುಮಟ್ಟಿಗೆ ಒಂದು ವೋಲ್ಟಿನ ಸಾವಿರದಲ್ಲೊಂದು ಪಾಲಿನಷ್ಟೂ ಇರುವದಿಲ್ಲ. ತೋಳಿನ ಗೂಡಿನೊಳಗೆ, ಅಂದರೆ ಸಾಕೆಟ್ಟಿನೊಳಗೆ, ಕೂಡ್ರಿಸಿದ ಲೋಹದ ಬಿಲ್ಲೆಗಳು ಅದನ್ನು ಗ್ರಹಿಸಿ ಹಿಗ್ಗಿಸಿ ಮೋಟಾರಿಗೆ ಅಪ್ಪಣೆ ಕೊಡುವವು. ಇದಕ್ಕೆ ಮಯೋಇಲೆಕ್ಟ್ರಿಕ್ ಹಸ್ತವೆಂದು ಹೆಸರು. ಜರ್ಮನಿಯ ರೈನ್‌ಹೋಲ್ಡ್ ರೈಟರನು ೧೯೪೮ರಲ್ಲಿ ಇದನ್ನು ಮೊದಲು ಲೋಕಕ್ಕೆ ತಿಳಿಸಿದನು. ಆದರೆ ಅವನ ಯಂತ್ರವು ಮೈಮೇಲೆ ಹೊತ್ತು ತಿರುಗುವಂಥದ್ದಾಗಿರಲಿಲ್ಲ. ೧೯೬೦ರ ಸುಮಾರಿಗೆ ಮಾಸ್ಕೋದಲ್ಲಿ ಕೊಬ್ರಿನ್‌ಸ್ಕಿ ಮತ್ತು ಅವನ ಸಂಗಡಿಗರು ಧರಿಸಿ ತಿರುಗತಕ್ಕ ಹಸ್ತವನ್ನು ಮಾಡಿದರು. ಅದೇ ಕಾಲದಲ್ಲಿ ಥ್ಯಾಲಿಡೊಮೈಡ್ ಎಂಬ ಔಷಧದ ದೆಸೆಯಿಂದ ಯೂರೋಪಿನಲ್ಲಿ ತೋಳುಗಳಿಲ್ಲದೆ ಹುಟ್ಟಿದ ಕೂಸುಗಳಿಗಾಗಿ ಅನಿಲದ ಒತ್ತಡದಿಂದ ನಡೆಯುವ ಕೈಗಳನ್ನೂ ಮಾಡಿ ನೋಡಿದರು. ಮುಂದೆ ಬ್ಯಾಟರಿಯೇ ಗೆದ್ದಿತು.

ಬ್ಯಾಟರಿಯ ಕೈಗಳಲ್ಲಿ ಸರಳವಾದದ್ದಕ್ಕೆ ಒಂದೇ ಮೋಟಾರು, ಒಂದೇ ಹಿಡಿತ. ಹೆಬ್ಬೆರಳೂ ಮುಂದಿನ ಎರಡು ಬೆರಳುಗಳೂ ಚಿಮ್ಮಟದಂತೆ ಕೂಡಿ ಬಿಚ್ಚುವವು. ಎರಡನೆಯ ಬಗೆಯಲ್ಲಿ ಬೆರಳಿಗೊಂದು ಮೋಟಾರು. ಸ್ಕಾಟ್ಲಂಡಿನಲ್ಲಿ ತಯಾರಾದ ಐ-ಲಿಂಬ್ ಎಂಬುದು ೨೦೦೭ರಲ್ಲಿ ಮಾರಾಟಕ್ಕೆ ಬಂದು ಈ ಬಗೆಗೆ ದಾರಿ ತೆರೆಯಿತು. ಬ್ರಿಸ್ಟಲ್ ನಗರದ ಹೀರೋ ಆರ್ಮ್ ೨೦೧೮ರಲ್ಲಿ ಬಂದಿತು. ಅದರ ಭಾಗಗಳನ್ನು ಮುದ್ರಣಯಂತ್ರದಂಥ ಯಂತ್ರದಿಂದ ಪದರು ಪದರಾಗಿ ಅಚ್ಚು ಹಾಕುತ್ತಾರೆ. ನಮ್ಮ ದೇಶದಲ್ಲಿಯೂ ಹೈದರಾಬಾದಿನ ಕಲ್‌ಆರ್ಮ್, ಮುಂಬಯಿಯ ಗ್ರಿಪ್ಪಿ, ಪುಣೆಯ ಇನಾಲಿ ಸಂಸ್ಥೆಯ ಕೈ ಮೊದಲಾದವು ಹುಟ್ಟಿಕೊಂಡಿರುವದು ಸಂತೋಷದ ಸಂಗತಿ. ಪರದೇಶದ ಬಹುಬೆರಳಿನ ಕೈಯ ಬೆಲೆಯು ಹತ್ತು ಲಕ್ಷ ರೂಪಾಯಿಗಳನ್ನು ಮೀರುವದು ಸಾಮಾನ್ಯ; ಸ್ವದೇಶದವುಗಳ ಬೆಲೆಯು ಅದಕ್ಕಿಂತ ಬಹಳ ಕಡಿಮೆ.

ಇಲ್ಲಿ ಒಂದು ಮಾತನ್ನು ಚನ್ನಾಗಿ ಗಮನಿಸಬೇಕು. ಬೆರಳುಗಳು ಐದಾದರೂ, ಹಿಡಿತದ ವಿಧಗಳು ಹತ್ತಿಪ್ಪತ್ತಾದರೂ, ಸಾಮಾನ್ಯವಾಗಿ ತೋಳಿನಿಂದ ಅಪ್ಪಣೆ ಹೊರಡುವ ಸ್ಥಾನಗಳು ಎರಡೇ. ಹಿಡಿತವನ್ನು ಬದಲಿಸಬೇಕಾದರೆ ಎರಡೂ ಸ್ನಾಯುಗಳನ್ನು ಒಮ್ಮೆಲೇ ಬಿಗಿಯುವದು, ಹೆಬ್ಬೆರಳನ್ನು ಇನ್ನೊಂದು ಕೈಯಿಂದ ತಿರುಗಿಸುವದು ಮುಂತಾದ ಉಪಾಯಗಳನ್ನು ಕಲಿಯಬೇಕು. ಬಿಲ್ಲೆಗಳನ್ನು ಹೆಚ್ಚಿಸಿ, ಸ್ನಾಯುಗಳ ಒಟ್ಟು ವಿನ್ಯಾಸವನ್ನು ಗಣಕಯಂತ್ರವೇ ಗುರುತಿಸುವಂತೆ ಮಾಡುವ ಪದ್ಧತಿಯೂ ೨೦೧೩ರಿಂದ ಮಾರುಕಟ್ಟೆಯಲ್ಲಿದೆ. ಆದರೆ ಅದಕ್ಕೂ ಅಭ್ಯಾಸ ಬೇಕು, ಹಣ ಬೇಕು. ಇದಲ್ಲದೆ ಮೋಟಾರಿನ ಕೈಗೆ ಸಾಮಾನ್ಯವಾಗಿ ಸ್ಪರ್ಶಜ್ಞಾನವಿಲ್ಲ. ಲೋಟವು ಜಾರುತ್ತಿದೆಯೋ ನುಗ್ಗಾಗುತ್ತಿದೆಯೋ ಎಂಬುದನ್ನು ಕಣ್ಣೇ ಕಾಯಬೇಕು. ಗ್ರಿಪ್ಪಿ ಮೊದಲಾದ ಕೆಲವು ಕೈಗಳಲ್ಲಿ ಚರ್ಮಕ್ಕೆ ಕಂಪನ ಮುಟ್ಟಿಸಿ ಈ ಕೊರತೆಯನ್ನು ನೀಗುವ ಪ್ರಯತ್ನವುಂಟು. ಬಡ ಕೊಕ್ಕೆಗಾದರೋ ತಂತಿಯ ಎಳೆತವೇ ಹೆಗಲಿಗೆ ಸುದ್ದಿ ಹೇಳುವದು.

ಭುಜದ ಹತ್ತಿರವೇ ತೋಳು ಹೋದವರ ಸಂಕಟವು ಇನ್ನೂ ದೊಡ್ಡದು. ಅವರಲ್ಲಿ ಅಪ್ಪಣೆ ಕೊಡತಕ್ಕ ಮುಂದೋಳಿನ ಸ್ನಾಯುವೇ ಉಳಿದಿರುವದಿಲ್ಲ. ಇಬ್ಬರು ವಿದ್ಯುತ್ ಕೆಲಸಗಾರರ ವೃತ್ತಾಂತವು ಇಲ್ಲಿ ಹೇಳತಕ್ಕದ್ದಾಗಿದೆ. ಅಮೇರಿಕೆಯ ಟೆನೆಸ್ಸಿ ಸೀಮೆಯ ಜೆಸ್ಸಿ ಸಲಿವನ್ ಎಂಬವನು ೨೦೦೧ರಲ್ಲಿ ತಂತಿಯ ಕೆಲಸದಲ್ಲಿ ಎರಡೂ ತೋಳುಗಳನ್ನು ಕಳಕೊಂಡನು. ಶಿಕಾಗೋ ನಗರದ ಡಾಕ್ಟರ್ ಟಾಡ್ ಕೈಕನ್ನರ ಯೋಜನೆಯಂತೆ, ಕೈಗೆ ಹೋಗುತ್ತಿದ್ದ ನರಗಳನ್ನು ಅವನ ಎದೆಯ ಸ್ನಾಯುಗಳಿಗೆ ತಿರುಗಿಸಿ ಜೋಡಿಸಿದರು. ಮುಂದೆ ಅವನು ಕೈ ಮುಚ್ಚಬೇಕೆಂದು ನೆನೆದರೆ ಎದೆಯ ಸ್ನಾಯುವು ಬಿಗಿದು ಯಂತ್ರದ ಕೈಯನ್ನು ಮುಚ್ಚಿಸುವದಾಯಿತು. ನಮ್ಮ ರಾಜ್ಯದ ಒಬ್ಬ ತರುಣ ಲೈನ್‌ಮನ್ನನು ೨೦೧೭ರಲ್ಲಿ ಅದೇ ಬಗೆಯ ಅಪಘಾತಕ್ಕೆ ಗುರಿಯಾಗಿ ಎರಡೂ ಕೈಗಳನ್ನು ಕಳಕೊಂಡನು. ಅವನಿಗೆ ೨೦೨೨ರಲ್ಲಿ ಕೊಚ್ಚಿಯ ಅಮೃತಾ ಆಸ್ಪತ್ರೆಯಲ್ಲಿ, ಮೃತನಾದ ದಾನಿಯೊಬ್ಬನ ಕೈಗಳನ್ನು ಶಸ್ತ್ರಕ್ರಿಯೆಯಿಂದ ಜೋಡಿಸಿದರು. ಅದೇ ಆಸ್ಪತ್ರೆಯಲ್ಲಿ ೨೦೧೭ರಲ್ಲಿ ಮಣಿಪಾಲದ ವಿದ್ಯಾರ್ಥಿನಿಯಾಗಿದ್ದ ಶ್ರೇಯಾ ಸಿದ್ದನಗೌಡ ಎಂಬ ಯುವತಿಗೂ ಎರಡು ಕೈಗಳನ್ನು ಜೋಡಿಸಿದ್ದರು. ಇಂಥ ಜೀವಂತ ಕೈಯ ಮುಂದೆ ಯಾವ ಯಂತ್ರವು ನಿಂತೀತು? ಆದರೆ ದಾನಿ ದೊರೆಯಬೇಕು, ತಿಂಗಳುಗಟ್ಟಲೆ ವ್ಯಾಯಾಮ ನಡೆಯಬೇಕು, ಶರೀರವು ಪರರ ಕೈಯನ್ನು ತಿರಸ್ಕರಿಸದಂತೆ ಜೀವವಿರುವವರೆಗೂ ಔಷಧವನ್ನು ಸೇವಿಸಬೇಕು. ಒಂದು ಕೈ ಸ್ವಸ್ಥವಾಗಿ ಉಳಿದವರಿಗೆ ಇಷ್ಟು ಭಾರವನ್ನು ಹೊರಿಸುವದು ಉಚಿತವೇ ಎಂದು ವೈದ್ಯರೇ ಎರಡು ಸಾರಿ ಯೋಚಿಸುವರು.

ಹಾಗಾದರೆ ಹೆಚ್ಚು ಬೆರಳು, ಹೆಚ್ಚು ಬೆಲೆ ಎಂಬಷ್ಟಕ್ಕೇ ಕೈಯು ಹೆಚ್ಚಿನದಾಗುವದೋ? ೨೦೧೬ರ ಅಕ್ಟೋಬರ್ ತಿಂಗಳಲ್ಲಿ ಸ್ವಿಟ್ಜರ್ಲಂಡಿನ ಜೂರಿಕ್ ನಗರದ ಬಳಿ ಸೈಬತ್ಲಾನ್ ಎಂಬ ಪಂದ್ಯವು ನಡೆಯಿತು. ಕೃತ್ರಿಮ ಹಸ್ತದವರು ಬಟ್ಟೆ ಒಣಹಾಕುವದು, ರೊಟ್ಟಿ ಕೊಯ್ಯುವದು, ಸಾಮಾನು ಹೊರುವದು ಮೊದಲಾದ ಮನೆಗೆಲಸಗಳನ್ನು ಮಾಡಿ ತೋರಿಸಬೇಕಾಗಿತ್ತು. ಮೋಟಾರಿನ ನವೀನ ಕೈಗಳ ನಡುವೆ ಮೊದಲನೆಯ ಸ್ಥಾನವನ್ನು ಪಡೆದವನು ರಾಬರ್ಟ್ ರಾಡೋಸಿ. ಅವನದು ಹೆಗಲಿನ ತಂತಿಯಿಂದ ನಡೆಯುವ ಕೈ! ಇದರಿಂದ ಕೊಕ್ಕೆಯೇ ಶ್ರೇಷ್ಠವೆಂದು ಸಾಧಿಸಬೇಕಾಗಿಲ್ಲ. ಅವನು ಬಹುಕಾಲ ಅಂಥ ಕೈಯೊಡನೆಯೇ ಬದುಕಿ ಅದನ್ನು ತಾನೇ ರೂಪಿಸುತ್ತ ಬಂದವನು. ಕೈಯ ಚಮತ್ಕಾರಕ್ಕಿಂತ ಅಭ್ಯಾಸವು ದೊಡ್ಡದೆಂಬುದು ಮಾತ್ರ ಸಿದ್ಧವಾಗುವದು. ಕೆನಡಾ ದೇಶದ ಬಿಡಿಸ್ ಮತ್ತು ಚೌ ಎಂಬ ಸಂಶೋಧಕರು ಇಪ್ಪತ್ತೈದು ವರ್ಷಗಳ ಬರಹಗಳನ್ನು ಶೋಧಿಸಿ ೨೦೦೭ರಲ್ಲಿ ಪ್ರಕಟಿಸಿದ ಲೆಕ್ಕವೂ ಇದನ್ನೇ ಪುಷ್ಟೀಕರಿಸುತ್ತದೆ. ಪ್ರೌಢರಲ್ಲಿ ಶರೀರಬಲದ ಕೈಯನ್ನು ಬಿಟ್ಟುಬಿಟ್ಟವರು ನೂರಕ್ಕೆ ೨೬, ವಿದ್ಯುತ್ತಿನ ಕೈಯನ್ನು ಬಿಟ್ಟವರು ನೂರಕ್ಕೆ ೨೩. ಮಕ್ಕಳಲ್ಲಿ ಅದೇ ಲೆಕ್ಕವು ೪೫ ಮತ್ತು ೩೫. ಅಂತೂ ಯಾವ ಕೈಯನ್ನು ಕೊಂಡರೂ ಸುಮಾರು ನಾಲ್ಕರಲ್ಲಿ ಒಂದು ಮೂಲೆಗೆ ಬೀಳುತ್ತದೆ. ಮೂಲೆಗೆ ಬಿದ್ದದ್ದು ಹತ್ತು ಲಕ್ಷದ್ದಾದರೂ ಅದು ಕೈಯಲ್ಲ.

ನಮ್ಮ ಸೀಮೆಯ ಹವೆಯನ್ನೂ ಬಾಳನ್ನೂ ಲೆಕ್ಕಕ್ಕೆ ತರಬೇಕು. ವೈಶಾಖದ ಬಿಸಿಲಿನಲ್ಲಿ ಸಾಕೆಟ್ಟಿನೊಳಗೆ ಬೆವರು ಸುರಿದು, ಬಿಲ್ಲೆಗಳು ಚರ್ಮದ ಮೇಲೆ ಜಾರಿ, ಕೈಯು ಹೇಳಿದ ಮಾತನ್ನು ಕೇಳದೆ ಹೋಗುವದುಂಟು. ಎರೆ ಮಣ್ಣಿನ ಧೂಳೂ, ಪಾತ್ರೆ ತೊಳೆಯುವ ನೀರೂ ಅನೇಕ ಮೋಟಾರುಗಳಿಗೆ ಸಲ್ಲವು. ಮೇಲೆ ತೊಡಿಸುವ ಚರ್ಮದ ಬಣ್ಣದ ಕೈಚೀಲಕ್ಕೆ ಅರಿಷಿಣದ ಕಲೆ ಹತ್ತಿದರೆ ಹೋಗಲೊಲ್ಲದು. ಒಲೆಯ ಝಳಕ್ಕಂತೂ ಅದನ್ನು ಒಡ್ಡಲೇ ಬಾರದು. ಬ್ಯಾಟರಿಗೆ ದಿನಾಲು ಆಹಾರ ಬೇಕು. ಕರೆಂಟು ಹೋದ ರಾತ್ರಿಯ ಮರುದಿನ ಕೈಗೂ ಉಪವಾಸ. ಮೋಟಾರಿನ ಹಸ್ತದ ತೂಕವು ಅರ್ಧ ಕಿಲೋಗ್ರಾಮಿನ ಆಚೀಚೆ ಇರುವದು. ಅದೆಲ್ಲವೂ ತೋಳಿನ ತುದಿಗೆ ತೂಗುವದರಿಂದ ಸಣ್ಣ ಹುಡುಗಿಯ ಭುಜಕ್ಕೆ ಇಮ್ಮಡಿಯಾಗಿ ತೋರುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು ಸಾಕೆಟ್ಟು. ತೋಳು ಬೆಳೆಯುವದು, ಸೊರಗುವದು, ಹುಣ್ಣಾಗುವದು. ಆಗ್ಗೆ ಗೂಡನ್ನು ಸವರಿ ತಿದ್ದುವ ಕುಶಲಿಯು ಹತ್ತಿರವಿರಬೇಕು. ನಮಗೆ ಸಮೀಪದ ನೆಲೆಯೆಂದರೆ ಹುಬ್ಬಳ್ಳಿ. ಅಲ್ಲಿ ಮಹಾವೀರ ಲಿಂಬ್ ಸೆಂಟರ್ ಇದೆ. ಕೊಪ್ಪಳದವರಿಗೆ ಮೊದಲಿನಿಂದಲೂ ರೈಲಿನ ಅನುಕೂಲವುಂಟು. ೨೦೨೫ರಲ್ಲಿ ಕುಷ್ಟಗಿಗೂ ರೈಲು ಬಂದದ್ದರಿಂದ ಆ ತಾಲೂಕಿನವರಿಗೂ ದಾರಿ ಸುಗಮವಾಯಿತು. ದೂರದ ನಗರದಲ್ಲಿ ಮಾತ್ರ ದುರಸ್ತಿಯಾಗುವ ಕೈಯನ್ನು ಕೊಳ್ಳುವ ಮೊದಲು ರೈಲಿನ ಖರ್ಚನ್ನೂ ಕೂಲಿಯ ನಷ್ಟವನ್ನೂ ಬೆಲೆಗೆ ಕೂಡಿಸಿ ನೋಡಬೇಕು.

ಇಷ್ಟನ್ನು ತಿಳಿದುಕೊಂಡ ಮೇಲೆ ನಾವು ಆ ಹುಡುಗಿಯನ್ನು ಕರೆದು, ನೀನು ಮಾಡಲಿಚ್ಛಿಸುವ ಕೆಲಸಗಳನ್ನು ಒಂದು ಹಾಳೆಯಲ್ಲಿ ಬರೆದುಕೊಡೆಂದು ಹೇಳಿದೆವು. ಅದುವರೆಗೆ ತಂದೆಯನ್ನು ಎಲ್ಲರೂ ಕೇಳಿದ್ದರು, ನಮ್ಮನ್ನು ತಂದೆ ಕೇಳಿದ್ದನು; ಅವಳನ್ನು ಯಾರೂ ಕೇಳಿದ್ದಿಲ್ಲ. ಅವಳು ಬರೆದ ಏಳು ಕೆಲಸಗಳು ಇವು: ಜಡೆ ಹಾಕಿಕೊಳ್ಳುವದು, ಸೈಕಲ್ಲು ಹತ್ತುವದು, ಕೊಡ ಎತ್ತುವದು, ಜೋಳದ ರೊಟ್ಟಿ ಮಾಡುವದು, ಪಟ್ಟಿಯನ್ನಿಟ್ಟು ಗೆರೆ ಎಳೆಯುವದು, ಕಸ ಗುಡಿಸುವದು, ಮದುವೆಗೆ ಹೋದಾಗ ಯಾರೂ ನೋಡದ ಹಾಗಿರುವದು. ಇದಕ್ಕಿಂತ ಒಳ್ಳೆಯ ಪ್ರಶ್ನಪತ್ರಿಕೆಯನ್ನು ಯಾವ ಪರೀಕ್ಷಕರೂ ರಚಿಸಲಾರರು. ಈ ಏಳನ್ನೂ ಹಿಡಕೊಂಡು ನಾವು ಕೈಗಳನ್ನು ಒರೆಗೆ ಹಚ್ಚಿದೆವು. ರೊಟ್ಟಿಯನ್ನು ಅವಳು ಎಡಗೈಯಿಂದಲೇ ಬಡಿಯಬಲ್ಲಳು; ಬಲಕ್ಕೆ ಬೇಕಾದದ್ದು ಹಂಚಿನ ಹತ್ತಿರ ಹೋಗಲು ಅಂಜದ ಸಾಧನ. ಉಕ್ಕಿನ ಕೊಕ್ಕೆಗೆ ಬೆಂಕಿಯ ಭಯವಿಲ್ಲ. ಕೊಡಕ್ಕೂ ಕಸಬರಿಗೆಗೂ ಸೈಕಲ್ಲಿನ ಹಿಡಿಗೂ ಪಟ್ಟಿಗೂ ಅದು ಒದಗಿತು. ಬ್ರೇಕನ್ನು ಮಾತ್ರ ಎಡಬದಿಗೆ ಹಾಕಿಸಬೇಕಾಯಿತು. ಆದರೆ ಅದರ ರೂಪವು ಅವಳಿಗೆ ಹಿಡಿಸಲಿಲ್ಲ. “ಸಣ್ಣ ಹುಡುಗಿಯರು ಅಂಜ್ಯಾರ್ರಿ” ಎಂದು ಎರಡು ದಿವಸ ಮುಟ್ಟಲಿಲ್ಲ. ಅದೇ ಸಾಕೆಟ್ಟಿನ ಮಣಿಕಟ್ಟಿಗೆ ನೋಟದ ಕೈಯನ್ನೂ ತಿರುಗಿಸಿ ಸೇರಿಸಬಹುದೆಂದು ಕುಶಲಿಯು ತೋರಿಸಿದ ಮೇಲೆ ಅವಳು ಒಪ್ಪಿದಳು. ಜಡೆಯ ವಿಷಯದಲ್ಲಿ ಎಲ್ಲ ಕೈಗಳೂ ಸೋತವು. “ಅದನ್ನ ನನ್ನ ಗೆಳತಿ ಹಾಕ್ತಾಳ್ರಿ, ಅಕಿಗೂ ಒಂದು ಕೆಲಸ ಇರಲಿ” ಎಂದು ಅವಳೇ ಆ ಪ್ರಶ್ನೆಯನ್ನು ಅಳಿಸಿಬಿಟ್ಟಳು.

ಇದಕ್ಕೆ ಬದಲಾದ ದೃಷ್ಟಾಂತವೊಂದುಂಟು. ಗಂಗಾವತಿಯಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ರಸ್ತೆಯ ಅಪಘಾತದಲ್ಲಿ ಎಡಗೈಯನ್ನು ಕಳಕೊಂಡವಳು. ಕಚೇರಿಯಲ್ಲಿ ಲೆಕ್ಕಪತ್ರದ ಕೆಲಸ ಮಾಡುವಳು. ಅವಳು ಒಂದೇ ಹಿಡಿತದ ಮಯೋಇಲೆಕ್ಟ್ರಿಕ್ ಕೈಯನ್ನು ಐದು ವರ್ಷಗಳಿಂದ ದಿನಂಪ್ರತಿ ಧರಿಸುತ್ತಾಳೆ. ನೆರಳಿನಲ್ಲಿ ಕೂಡ್ರುವ ಕೆಲಸ, ಬ್ಯಾಟರಿ ತುಂಬಲು ಅನುಕೂಲ, ಸೀರೆಯ ಮೇಲೆ ಪಟ್ಟಿಗಳ ಕಾಟವಿಲ್ಲ. ಕಡತವನ್ನು ಹಿಡಿಯಲು ಆ ಒಂದು ಹಿಡಿತವೇ ಸಾಕು. ಬಹುಬೆರಳಿನದನ್ನು ಪರೀಕ್ಷಿಸಿ ನೋಡಿ, ದುರಸ್ತಿಯ ತೊಂದರೆಯನ್ನು ಎಣಿಸಿ ಹಿಂದಿರುಗಿಸಿದಳು. ಅವಳ ಕೈಯನ್ನು ಕುಷ್ಟಗಿಯ ಹುಡುಗಿಗೂ, ಹುಡುಗಿಯ ಕೊಕ್ಕೆಯನ್ನು ಅವಳಿಗೂ ಕೊಟ್ಟರೆ ಇಬ್ಬರೂ ತಿಂಗಳೊಳಗೆ ಬಿಚ್ಚಿ ಇಡುವರು. ಆದುದರಿಂದ ಕೈ ಕೈಗಳನ್ನು ಹೋಲಿಸಿ ಇದು ಉತ್ತಮ, ಇದು ಮಧ್ಯಮ ಎಂದು ಅಂಕಗಳನ್ನು ಹಾಕುವದು ವ್ಯರ್ಥ. ಒಂದು ಕೈಯನ್ನು ಒಬ್ಬ ಮನುಷ್ಯನ ಒಂದು ದಿವಸದೊಡನೆ ಹೋಲಿಸಬೇಕು. ಬೆಳಗಿನಿಂದ ರಾತ್ರಿಯವರೆಗೆ ಅವರು ಏನನ್ನು ಮುಟ್ಟುವರು, ಎಲ್ಲಿ ಕೂಡ್ರುವರು, ಯಾರ ಎದುರಿಗೆ ನಾಚುವರು ಎಂಬುದೇ ಸರಿಯಾದ ಅಳತೆ.

ಆ ತಂದೆಯ ಎತ್ತುಗಳು ಈಗಲೂ ಅವನ ಕೊಟ್ಟಿಗೆಯಲ್ಲಿವೆ. ಹಳೆಯ ವಿದ್ಯಾರ್ಥಿನಿಯರು ಕೂಡಿಸಿದ ಹಣದಲ್ಲಿ ಸಾಕೆಟ್ಟು, ಕೊಕ್ಕೆ, ನೋಟದ ಕೈಗಳ ವೆಚ್ಚವು ನೀಗಿ, ಉಳಿದದ್ದನ್ನು ಅವಳ ಹೆಸರಿನಲ್ಲಿ ಠೇವಣಿಯಿಟ್ಟಿದ್ದೇವೆ. ದುರಸ್ತಿಗೂ ಹುಬ್ಬಳ್ಳಿಯ ಪ್ರಯಾಣಕ್ಕೂ ಅದು ಒದಗುವದು. ಅವಳು ಉದ್ಯೋಗಕ್ಕೆ ಸೇರಿ ಮೋಟಾರಿನ ಕೈಯನ್ನು ಬಯಸಿದರೆ ಅದಕ್ಕೂ ಬುನಾದಿಯಾದೀತು. ಹತ್ತನೆಯ ತರಗತಿಯ ಪರೀಕ್ಷೆಯಲ್ಲಿ ಬರೆಯುವವರ ಸಹಾಯವನ್ನು ಪಡೆಯಲು ಅವಳಿಗೆ ಅವಕಾಶವಿದ್ದಿತು. ಅವಳು ಅದನ್ನು ಒಲ್ಲೆನೆಂದು ಹೇಳಿ, ಹೆಚ್ಚಿನ ವೇಳೆಯನ್ನು ಮಾತ್ರ ತೆಗೆದುಕೊಂಡು ತಾನೇ ಬರೆದು ತೇರ್ಗಡೆಯಾದಳು. ಈಗ ಕಾಲೇಜಿಗೆ ಸೈಕಲ್ಲಿನ ಮೇಲೆ ಹೋಗುತ್ತಾಳೆ.

ಇಂಥ ಪ್ರಸಂಗ ಬಂದ ಮನೆಗಳವರಿಗೆ ನಮ್ಮ ಬಿನ್ನಹವಿಷ್ಟೇ. ಗಾಯ ಮಾಗಿದ ಮೇಲೆ ಬಹಳ ತಡಮಾಡದೆ ಸರಳವಾದ ಕೈಯೊಂದನ್ನು ತೊಡಿಸಿರಿ; ಒಂದೇ ಕೈಯ ರೂಢಿಯು ಬಲಿತ ಮೇಲೆ ಎರಡನೆಯದನ್ನು ಕಲಿಯಲು ಮನಸ್ಸು ಒಲ್ಲದು. ಮೊಣಕೈ ಉಳಿದವರಿಗೆ ಎಲ್‌ಎನ್-೪ ಎಂಬ ವಿದ್ಯುತ್ತಿಲ್ಲದ ಹಗುರವಾದ ಕೈಯನ್ನು ರೋಟರಿ ಸಂಸ್ಥೆಯವರು ನಮ್ಮ ರಾಜ್ಯದಲ್ಲಿಯೂ ಶಿಬಿರಗಳಲ್ಲಿ ಧರ್ಮಾರ್ಥವಾಗಿ ಕೊಡುತ್ತಾರೆ. ಕೇಂದ್ರ ಸರಕಾರವು ೧೯೮೧ರಿಂದ ನಡಿಸುತ್ತಿರುವ ಎಡಿಪ್ ಯೋಜನೆಯಲ್ಲಿಯೂ ಬಡವರಿಗೆ ಸಾಧನಗಳು ದೊರೆಯುವವು. ಅದಕ್ಕಾಗಿ ಅಂಗವಿಕಲತೆಯ ಗುರುತಿನ ಚೀಟಿಯನ್ನು ಮೊದಲು ಮಾಡಿಸಿಕೊಳ್ಳಿರಿ. ಬೆಲೆಯುಳ್ಳ ಕೈಯನ್ನು ಕೊಳ್ಳುವದಿದ್ದರೆ, ಕೆಲವು ದಿವಸ ಮನೆಯಲ್ಲಿ ಧರಿಸಿ ನೋಡಲು ಕೊಡುವರೋ, ಕೆಟ್ಟರೆ ಯಾರು ಎಲ್ಲಿ ಎಷ್ಟು ದಿವಸದಲ್ಲಿ ಸರಿಮಾಡುವರು, ಬ್ಯಾಟರಿಯ ಬೆಲೆಯೆಷ್ಟು, ನೀರು ತಾಕಬಹುದೋ ಎಂಬ ನಾಲ್ಕು ಮಾತುಗಳನ್ನು ಕೇಳಿ ಬರೆದುಕೊಳ್ಳಿರಿ. ಧರಿಸತಕ್ಕವರ ಬಾಯಿಂದಲೇ ಕೊನೆಯ ಮಾತು ಬರಲಿ.

ಮೇವು ಕತ್ತರಿಸುವ ಯಂತ್ರಗಳೂ ರಾಶಿ ಮಾಡುವ ಯಂತ್ರಗಳೂ ನಮ್ಮ ಹಳ್ಳಿಗಳಲ್ಲಿ ವರ್ಷೇ ವರ್ಷೇ ಹೆಚ್ಚುತ್ತಿವೆ. ಒಕ್ಕುವ ಯಂತ್ರಗಳಿಗೆ ರಕ್ಷಣೆಯ ಏರ್ಪಾಡು ಇರಬೇಕೆಂದು ೧೯೮೩ರಷ್ಟು ಹಿಂದೆಯೇ ಪಾರ್ಲಿಮೆಂಟು ಕಾಯಿದೆಯನ್ನು ಮಾಡಿತು. ಆದರೆ ಕಾಯಿದೆಯು ಕಣಕ್ಕೆ ಬಂದು ಕಾವಲು ಕೂಡ್ರಲಾರದು. ನಮ್ಮ ಶಾಲೆಯ ಹುಡುಗಿಯರು ಈ ಸುಗ್ಗಿಯ ರಜೆಯಲ್ಲಿ ತಂತಮ್ಮ ಮನೆಗಳ ಯಂತ್ರದ ಬಾಯಿಗೆ ತಗಡಿನ ಮುಚ್ಚಳವುಂಟೋ ಇಲ್ಲವೋ ನೋಡಿ ಬರತಕ್ಕದ್ದೆಂದು ಹೇಳಿದ್ದೇವೆ. ಇಲ್ಲವಾದರೆ ಹಾಕಿಸುವ ತನಕ ತಂದೆ ಅಣ್ಣಂದಿರನ್ನು ಬಿಡಬೇಡಿರೆಂದೂ ಹೇಳಿದ್ದೇವೆ. ಇದನ್ನು ಓದುವ ಹಳೆಯ ವಿದ್ಯಾರ್ಥಿನಿಯರು ತಮ್ಮ ತಮ್ಮ ಊರುಗಳಲ್ಲಿ ಹಾಗೆಯೇ ಮಾಡಿದರೆ ನಮಗೆ ಬಹಳ ಸಮಾಧಾನವಾಗುವದು.